ಬೆಳೆಯುವ ಮಗುವಿಗೆ ಕಾರಿನ ಸುರಕ್ಷಾ ಆಸನ: ಕಾನೂನು, ಗುಣಮಟ್ಟ ಮತ್ತು ಆಯ್ಕೆ

ಅಬ್ಬಿಗೆರೆ, ಪೀಣ್ಯ ಹಾಗೂ ಜಾಲಹಳ್ಳಿ ಸುತ್ತಮುತ್ತಲಿನ ಸಣ್ಣ ಕೈಗಾರಿಕೆಗಳಲ್ಲಿ ಯಂತ್ರಕ್ಕೊಂದು ಗಾರ್ಡ್ ಇಲ್ಲದಿದ್ದರೆ ಮಾಲೀಕರು ಕೆಲಸ ಆರಂಭಿಸಲು ಬಿಡುವುದಿಲ್ಲ. ಅದೇ ಮಾಲೀಕರ ಕಾರು ಭಾನುವಾರ ಸಿದ್ಧಗಂಗೆಗೋ ನಂದಿಬೆಟ್ಟಕ್ಕೋ ಹೊರಟಾಗ, ಎರಡು ವರ್ಷದ ಮಗು ಮುಂದಿನ ಆಸನದಲ್ಲಿ ತಾಯಿಯ ಮಡಿಲಲ್ಲಿ ಕುಳಿತಿರುವುದು ಸಾಮಾನ್ಯ ದೃಶ್ಯ. ‘ನಮ್ಮ ರಸ್ತೆಗಳಲ್ಲಿ ವೇಗವೆಲ್ಲಿದೆ?’ ಎಂಬುದು ಇದಕ್ಕೆ ದೊರೆಯುವ ಸಮಜಾಯಿಷಿ. ಗಂಗಮ್ಮ ವೃತ್ತದವರೆಗೆ ಈ ಮಾತು ನಿಜವಿರಬಹುದು. ಹೆಬ್ಬಾಳದ ಮೇಲ್ಸೇತುವೆಯನ್ನು ದಾಟಿದೊಡನೆ ಅಥವಾ ತುಮಕೂರು ರಸ್ತೆಯನ್ನು ಸೇರಿದೊಡನೆ ಅದು ಸುಳ್ಳಾಗುತ್ತದೆ.

ಲೆಕ್ಕವನ್ನೇ ಮಾಡಿ ನೋಡಬಹುದು. ಗಂಟೆಗೆ 50 ಕಿ.ಮೀ. ವೇಗದ ಕಾರು ಡಿಕ್ಕಿ ಹೊಡೆದು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತಿತೆಂದುಕೊಳ್ಳೋಣ. 12 ಕಿ.ಗ್ರಾಂ. ತೂಕದ ಮಗುವನ್ನು ಆ ಕ್ಷಣದಲ್ಲಿ ಹಿಡಿದಿಡಲು ಸುಮಾರು 170 ಕಿ.ಗ್ರಾಂ. ಭಾರವನ್ನು ತಡೆಯುವಷ್ಟು ಬಲ ಬೇಕು. ಯಾವ ತಾಯಿಯ ತೋಳಿಗೂ ಇದು ಸಾಧ್ಯವಿಲ್ಲ. ತಾಯಿಯೂ ಬೆಲ್ಟ್ ಧರಿಸಿರದಿದ್ದರೆ, ಆಕೆಯ ದೇಹವೇ ಮಗುವನ್ನು ಡ್ಯಾಷ್‌ಬೋರ್ಡಿಗೆ ಒತ್ತುತ್ತದೆ. ಇಬ್ಬರಿಗೂ ಸೇರಿಸಿ ಒಂದೇ ಬೆಲ್ಟ್ ಹಾಕುವುದರಿಂದಲೂ ಪರಿಣಾಮ ಅದೇ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿರುವ ಮೋಟಾರು ವಾಹನ ಕಾಯ್ದೆಯ 194-ಬಿ ಕಲಮಿನ ಪ್ರಕಾರ, 14 ವರ್ಷ ತುಂಬದ ಮಗುವನ್ನು ಸುರಕ್ಷಾ ಬೆಲ್ಟ್ ಅಥವಾ ಮಕ್ಕಳ ಸುರಕ್ಷಾ ಆಸನದಲ್ಲಿ ಭದ್ರಪಡಿಸದೆ ವಾಹನ ಚಲಾಯಿಸುವುದು ದಂಡನೀಯ. ಕಾಯ್ದೆಯಲ್ಲಿರುವ ದಂಡ 1,000 ರೂಪಾಯಿ. ಸ್ಥಳದಲ್ಲಿ ವಸೂಲು ಮಾಡುವ ರಾಜಿ ಮೊತ್ತವನ್ನು ರಾಜ್ಯ ಸರ್ಕಾರ ನಿಗದಿಪಡಿಸುತ್ತದೆ. ವ್ಯಾಪಾರಿಗಳು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಚಾಲಕನಷ್ಟೇ ಅಲ್ಲ, ಹಾಗೆ ಚಲಾಯಿಸುವಂತೆ ಮಾಡಿದವರು ಮತ್ತು ಚಲಾಯಿಸಲು ಬಿಟ್ಟವರು ಸಹ ಈ ಕಲಮಿನ ವ್ಯಾಪ್ತಿಗೆ ಬರುತ್ತಾರೆ. ಸಂಸ್ಥೆಯ ಕಾರನ್ನು ಸಂಬಳದ ಚಾಲಕ ಓಡಿಸುತ್ತಿದ್ದ ಮಾತ್ರಕ್ಕೆ ಮಾಲೀಕರ ಹೊಣೆ ತಪ್ಪುವುದಿಲ್ಲ.

ಎರಡು ವರ್ಷದ ಮಗುವಿಗೆ ದೊಡ್ಡವರ ಬೆಲ್ಟ್ ಹಾಕಿದರೆ ಕಲಮಿನ ಅಕ್ಷರಕ್ಕೆ ಸಾಕಾಗಬಹುದಾದರೂ ಮಗುವಿಗೆ ಸಾಲದು. ಮೇಲಿನ ಪಟ್ಟಿ ಕುತ್ತಿಗೆಗೂ ಕೆಳಗಿನ ಪಟ್ಟಿ ಹೊಟ್ಟೆಯ ಮೆದು ಭಾಗಕ್ಕೂ ಬರುತ್ತದೆ. ಆದ್ದರಿಂದಲೇ ಪ್ರತ್ಯೇಕ ಆಸನ ಬೇಕಾಗುತ್ತದೆ. ಸರಿಯಾಗಿ ಬಳಸಿದ ಆಸನದಿಂದ ಮಕ್ಕಳ ಸಾವಿನ ಪ್ರಮಾಣ ಸುಮಾರು ಶೇ. 60ರಷ್ಟು ಇಳಿಯಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಕೊಳ್ಳುವಾಗ ಬಣ್ಣ, ಮೆತ್ತೆ, ಲೋಟ ಇಡುವ ಜಾಗ ಇವೆಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಗುಣಮಟ್ಟದ ಚೀಟಿ. ಭಾರತದ ಮಾನದಂಡ ಎಐಎಸ್-072. ಇದು ವಿಶ್ವಸಂಸ್ಥೆಯ ಯುರೋಪ್ ಆಯೋಗದ 44ನೆಯ ನಿಯಮಾವಳಿಯನ್ನು ಅನುಸರಿಸಿ ರಚಿತವಾದುದು. ಆ ನಿಯಮಾವಳಿಯಂತೆ ಅನುಮೋದಿತವಾದ ಆಸನದ ಚೀಟಿಯಲ್ಲಿ ವೃತ್ತದೊಳಗೆ ‘ಇ’ ಅಕ್ಷರ ಹಾಗೂ ದೇಶದ ಸಂಖ್ಯೆ ಇರುತ್ತದೆ. ಅನುಮೋದನಾ ಸಂಖ್ಯೆ 04 ಎಂದು ಆರಂಭವಾಗಿದ್ದರೆ ಅದು ಅದರ ಕೊನೆಯ ಪರಿಷ್ಕರಣೆಗೆ ಸೇರಿದ್ದು. 2013ರಲ್ಲಿ ಜಾರಿಗೆ ಬಂದ 129ನೆಯ ನಿಯಮಾವಳಿ ಇನ್ನೂ ಕಟ್ಟುನಿಟ್ಟಿನದು. ಅದು ತೂಕದ ಬದಲು ಎತ್ತರವನ್ನು ಆಧಾರವಾಗಿಟ್ಟುಕೊಂಡು ಪಕ್ಕದ ಡಿಕ್ಕಿಯ ಪರೀಕ್ಷೆಯನ್ನೂ ಸೇರಿಸಿದೆ. 15 ತಿಂಗಳು ತುಂಬುವವರೆಗೆ ಮಗು ಕಾರಿನ ಹಿಂಬದಿಗೆ ಮುಖ ಮಾಡಿಯೇ ಕೂರಬೇಕೆಂದು ವಿಧಿಸಿದೆ. ಯುರೋಪಿನಲ್ಲಿ 44ನೆಯ ನಿಯಮದ ಹೊಸ ಆಸನಗಳ ಮಾರಾಟ 2024ರ ಸೆಪ್ಟೆಂಬರಿನಲ್ಲಿ ನಿಂತಿತು.

ಚೀಟಿಯಿಲ್ಲದ ಆಸನ ಎಷ್ಟೇ ಅಗ್ಗವಾಗಿದ್ದರೂ ಅದನ್ನು ಮೆತ್ತೆಯೆಂದೇ ಭಾವಿಸಬೇಕು. ಪ್ಲಾಸ್ಟಿಕ್ ಅಚ್ಚಿನ ಘಟಕಗಳನ್ನು ನಡೆಸುವ ಸದಸ್ಯರಿಗೆ ಇದು ಬೇಗ ಅರ್ಥವಾದೀತು. 44ನೆಯ ನಿಯಮದ ಮುಂಬದಿ ಡಿಕ್ಕಿಯ ಪರೀಕ್ಷೆಯಲ್ಲಿ ಆಸನವನ್ನು ಬಂಡಿಯ ಮೇಲೆ ಕಟ್ಟಿ ಗಂಟೆಗೆ ಸುಮಾರು 50 ಕಿ.ಮೀ. ವೇಗದಿಂದ ಒಮ್ಮೆಲೇ ನಿಲ್ಲಿಸಲಾಗುತ್ತದೆ. ಮುಂಬದಿಗೆ ಮುಖ ಮಾಡಿ ಕೂತ ಬೊಂಬೆಯ ತಲೆ ನಿಗದಿತ ಬಿಂದುವಿನಿಂದ 550 ಮಿ.ಮೀ.ಗಿಂತ ಮುಂದಕ್ಕೆ ಹೋಗಕೂಡದು. ನೋಡಲು ಒಂದೇ ರೀತಿಯ ಎರಡು ಚಿಪ್ಪುಗಳಲ್ಲಿ ಯಾವುದು ಈ ಹೊಡೆತವನ್ನು ತಾಳುತ್ತದೆ ಎಂಬುದು ಕಣ್ಣಿಗೆ ತಿಳಿಯುವುದಿಲ್ಲ.

ಮಗು ಬೆಳೆಯುತ್ತದೆ, ಒಂದೇ ವರ್ಷಕ್ಕೆ ಆಸನ ಸಣ್ಣದಾಗುತ್ತದೆ ಎಂಬ ಅಳುಕು ಅನೇಕ ಮನೆಗಳಲ್ಲಿದೆ. 44ನೆಯ ನಿಯಮದ ಪ್ರಕಾರ ಹಿಂಬದಿಗೆ ಮುಖ ಮಾಡುವ ಆಸನ 13 ಕಿ.ಗ್ರಾಂ.ವರೆಗೆ, ಮುಂಬದಿಯದು 9ರಿಂದ 18 ಕಿ.ಗ್ರಾಂ.ವರೆಗೆ ಸಲ್ಲುತ್ತದೆ. ಎರಡೂ ರೀತಿ ಬಳಸಬಹುದಾದ ಆಸನವನ್ನು ಕೊಂಡರೆ ಹುಟ್ಟಿನಿಂದ ಸುಮಾರು ನಾಲ್ಕು ವರ್ಷದವರೆಗೆ ಒಂದೇ ಸಾಕು. ನಮ್ಮ ಮಕ್ಕಳಲ್ಲಿ ಅನೇಕರು ಎರಡು ವರ್ಷಕ್ಕೂ 13 ಕಿ.ಗ್ರಾಂ. ಮುಟ್ಟುವುದಿಲ್ಲ. ಹಾಗಿದ್ದೂ 9 ಕಿ.ಗ್ರಾಂ. ಆದ ದಿನವೇ ಹೆಮ್ಮೆಯಿಂದ ಮುಂದಕ್ಕೆ ತಿರುಗಿಸುವವರುಂಟು, ಇದು ಅವಸರ. ಎಳೆಯ ಮಗುವಿನ ತಲೆ ದೇಹಕ್ಕೆ ಹೋಲಿಸಿದರೆ ಭಾರ, ಕುತ್ತಿಗೆ ದುರ್ಬಲ. ಹಿಂಬದಿಗೆ ಮುಖವಿದ್ದರೆ ಹೊಡೆತವನ್ನು ಇಡೀ ಬೆನ್ನು ಹಂಚಿಕೊಳ್ಳುತ್ತದೆ. ಕಾಲು ಮಡಚಿ ಕೂರುವುದು ತೊಂದರೆಯಲ್ಲ. ತಲೆಯ ತುದಿ ಚಿಪ್ಪಿನ ಅಂಚನ್ನು ಮುಟ್ಟುವಂತಾದಾಗ ಅಥವಾ ತೂಕದ ಮಿತಿ ತಲುಪಿದಾಗ ಬದಲಾಯಿಸಿದರೆ ಸರಿ. ಆದರೆ ಹಿಂಬದಿಗೆ ಮುಖ ಮಾಡಿದ ಆಸನವನ್ನು ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಎಂದಿಗೂ ಇಡಕೂಡದು. ಉಬ್ಬುವ ಏರ್‌ಬ್ಯಾಗೇ ಮಗುವಿಗೆ ಮಾರಕವಾಗುತ್ತದೆ.

ಕಾರಿಗೂ ಆಸನಕ್ಕೂ ಹೊಂದಿಕೆ ಇರಬೇಕು. ಐಸೋಫಿಕ್ಸ್ ಕೊಂಡಿಗಳಿದ್ದರೆ ಜೋಡಣೆಯಲ್ಲಿ ತಪ್ಪು ಕಡಿಮೆ. ಇಲ್ಲದ ಹಳೆಯ ಕಾರುಗಳಲ್ಲಿ ಮೂರು ಬಿಂದುಗಳ ಬೆಲ್ಟಿನಿಂದ ಕಟ್ಟುವ ಆಸನ ಆಗುತ್ತದೆ. ಸೊಂಟಪಟ್ಟಿ ಮಾತ್ರವಿರುವ ನಡುವಿನ ಜಾಗ ಅದಕ್ಕೆ ಆಗದು. ಅಂಗಡಿಯಲ್ಲೇ ನಿಮ್ಮ ಕಾರಿಗೆ ಕಟ್ಟಿ ನೋಡುವುದು ಉತ್ತಮ. ಹೆಗಲಪಟ್ಟಿಯನ್ನು ಎರಡು ಬೆರಳಿನಿಂದ ಚಿವುಟಿ ಹಿಡಿಯಲು ಬಂದರೆ ಇನ್ನೂ ಸಡಿಲವಿದೆ ಎಂದರ್ಥ. ಡಿಸೆಂಬರಿನ ದಪ್ಪ ಸ್ವೆಟರಿನ ಮೇಲೆ ಪಟ್ಟಿ ಬಿಗಿದರೂ ಒಳಗೆ ಸಡಿಲ ಉಳಿಯುತ್ತದೆ. ಮೊದಲು ಪಟ್ಟಿ ಬಿಗಿದು ಮೇಲೆ ಶಾಲು ಹೊದಿಸುವುದು ಸರಿ. ನೆಂಟರಿಂದ ಬಂದ ಹಳೆಯ ಆಸನ ಅಪಘಾತಕ್ಕೊಳಗಾಗಿಲ್ಲವೆಂದು ಖಚಿತವಾಗಿ ತಿಳಿದಿದ್ದು, ಬಳಕೆಯ ಅವಧಿ ಮೀರಿರದಿದ್ದರೆ ಮಾತ್ರ ಬಳಸತಕ್ಕದ್ದು.

ಆಸನಗಳನ್ನು ಮಾರುವ ಸದಸ್ಯರಿಗೂ ಒಂದು ಮಾತು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ, ತಯಾರಕರು ಯಾರೆಂದು ತಿಳಿಯದ ಸರಕಿನ ದೋಷಕ್ಕೆ ಮಾರಾಟಗಾರರೇ ಹೊಣೆಗಾರರಾಗಬಹುದು. ಜೋಡಿಸುವಲ್ಲಿ ಎಚ್ಚರ ತಪ್ಪಿದರೆ ಅಥವಾ ತಯಾರಕರ ಎಚ್ಚರಿಕೆಗಳನ್ನು ಗ್ರಾಹಕರಿಗೆ ತಲುಪಿಸದಿದ್ದರೆ, ಅದರಿಂದಾದ ಹಾನಿಗೂ ಹೊಣೆಯುಂಟು. ಆಮದು ಸರಕಾದರೆ ಪೊಟ್ಟಣದ ಮೇಲೆ ಆಮದುದಾರರ ಹೆಸರು, ವಿಳಾಸ ಮತ್ತು ಗರಿಷ್ಠ ಮಾರಾಟ ಬೆಲೆ ಇದೆಯೇ ಎಂದು ಪರಿಶೀಲಿಸಿಯೇ ದಾಸ್ತಾನು ಪಡೆಯಬೇಕು.

ಇನ್ನು ಬಿಲ್ಲಿನ ವಿಚಾರ. ಆಸನವನ್ನು ಸಂಸ್ಥೆಯ ಜಿ.ಎಸ್.ಟಿ. ಸಂಖ್ಯೆಗೆ ಬರೆಸಿ ಹೂಡುವಳಿ ತೆರಿಗೆ ಜಮೆ ಪಡೆಯುವ ಆಸೆ ಸಹಜ. ಆದರೆ ಸ್ವಂತ ಉಪಯೋಗದ ಸರಕಿಗೆ ಕೇಂದ್ರ ಜಿ.ಎಸ್.ಟಿ. ಕಾಯ್ದೆಯ 17(5)ನೆಯ ಕಲಮಿನಲ್ಲಿ ಜಮೆ ನಿಷಿದ್ಧ. ಆದಾಯ ತೆರಿಗೆಯಲ್ಲೂ ಇದು ವ್ಯವಹಾರದ ಖರ್ಚಲ್ಲ. ಇದಕ್ಕಿಂತ ದೊಡ್ಡ ನಷ್ಟ ಬೇರೆಯಿದೆ. ವಾಣಿಜ್ಯ ಉದ್ದೇಶಕ್ಕೆ ಸರಕು ಕೊಂಡವರು ಕಾಯ್ದೆಯ ಅರ್ಥದಲ್ಲಿ ‘ಗ್ರಾಹಕ’ರಲ್ಲ. ಕೊಂಡಿ ಮುರಿದ ದಿನ ಗ್ರಾಹಕರ ಆಯೋಗದ ಮುಂದೆ ನಿಂತಾಗ, ಎದುರುಪಕ್ಷದವರು ಮೊದಲು ತೋರಿಸುವುದು ಸಂಸ್ಥೆಯ ಹೆಸರಿನ ಆ ಬಿಲ್ಲನ್ನೇ. ಮಗುವಿನ ತಂದೆ ಅಥವಾ ತಾಯಿಯ ಹೆಸರಿನಲ್ಲಿ, ಮಾದರಿ ಸಂಖ್ಯೆ ನಮೂದಾಗಿರುವ ಬಿಲ್ ಪಡೆದು, ಕೈಪಿಡಿಯೊಂದಿಗೆ ಜೋಪಾನವಾಗಿಡುವುದು ಲೇಸು. ದೂರು ಸಲ್ಲಿಸಲು ಕಾರಣ ಉದ್ಭವಿಸಿದ ದಿನದಿಂದ ಎರಡು ವರ್ಷಗಳ ಅವಧಿಯಿರುತ್ತದೆ.