ಸ್ಕ್ಯಾನಿಂಗ್‌ನಲ್ಲಿ ‘ತೊಂದರೆ ಇದೆ’ ಎಂದಾಗ: ತಪ್ಪು ಕಲ್ಪನೆ ಮತ್ತು ವಾಸ್ತವ

ಐದನೇ ತಿಂಗಳ ಸ್ಕ್ಯಾನಿಂಗ್‌ಗೆ ಹೆಚ್ಚಿನವರು ಹೋಗುವುದು ಮಗುವಿನ ಮುಖ ನೋಡುವ ಆಸೆಯಿಂದ. ಅನಾಮಲಿ ಸ್ಕ್ಯಾನ್ ಎಂದೋ ಟಿಫಾ ಸ್ಕ್ಯಾನ್ ಎಂದೋ ಚೀಟಿಯಲ್ಲಿ ಬರೆದುಕೊಡುವ ಈ ಪರೀಕ್ಷೆ ಇರುವುದೇ ಮಗುವಿನ ಅಂಗಾಂಗಗಳಲ್ಲಿ ದೋಷವಿದೆಯೇ ಎಂದು ಹುಡುಕಲು. ಹುಟ್ಟುವ ಪ್ರತಿ 100 ಮಕ್ಕಳಲ್ಲಿ ಎರಡು ಮೂರು ಮಕ್ಕಳಿಗೆ ಗಂಭೀರ ಜನ್ಮದೋಷ ಇರುತ್ತದೆ. ಅಂದರೆ ಇದು ಅಪರೂಪಕ್ಕೆ ಎಲ್ಲೋ ಯಾರಿಗೋ ಆಗುವ ಸಂಗತಿಯಲ್ಲ. ನಮ್ಮ ಬೀದಿಯಲ್ಲೇ ಒಂದು ಮನೆಯವರು ಇದನ್ನು ಯಾರಿಗೂ ಹೇಳದೆ ನುಂಗಿಕೊಂಡಿರಬಹುದು.

ವರದಿ ಬಂದ ದಿನವೇ ಫೋನುಗಳು ಶುರುವಾಗುತ್ತವೆ. “ತೆಗೆಸಿಬಿಡಿ” ಎನ್ನುವವರು ಒಬ್ಬರು, “ದೇವರ ಮೇಲೆ ಭಾರ ಹಾಕಿ” ಎನ್ನುವವರು ಇನ್ನೊಬ್ಬರು. ಗರ್ಭ ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂಬುದಕ್ಕೆ ಎಲ್ಲರಿಗೂ ಹೊಂದುವ ಉತ್ತರವಿಲ್ಲ, ಈ ಲೇಖನ ಅದನ್ನು ಕೊಡುವುದೂ ಇಲ್ಲ. ಆದರೆ ಆ ತೀರ್ಮಾನ ಸುಳ್ಳು ಮಾಹಿತಿಯ ಮೇಲೆ, ಹೆದರಿಕೆಯಲ್ಲಿ, ಬೇರೆಯವರ ಬಾಯಿಗೆ ಅಂಜಿ ಆಗಬಾರದು ಎಂಬುದು ನನ್ನ ಗಟ್ಟಿ ನಿಲುವು.

ತಪ್ಪು ಕಲ್ಪನೆ: ರಿಪೋರ್ಟಿನಲ್ಲಿ ‘ಹೈ ರಿಸ್ಕ್’ ಬಂದರೆ ಮಗುವಿಗೆ ಕಾಯಿಲೆ ಇದೆ ಎಂದೇ ಅರ್ಥ.

ವಾಸ್ತವ: ಡಬಲ್ ಮಾರ್ಕರ್, ಕ್ವಾಡ್ರುಪಲ್, ಎನ್‌ಐಪಿಟಿ ಇವೆಲ್ಲ ಜರಡಿಯಂಥ ಪರೀಕ್ಷೆಗಳು. ಮುಂದಿನ ತಪಾಸಣೆ ಯಾರಿಗೆ ಬೇಕು ಎಂದು ಬೇರ್ಪಡಿಸುತ್ತವೆ ಅಷ್ಟೆ, ಕಾಯಿಲೆಯನ್ನು ಖಚಿತಪಡಿಸುವುದಿಲ್ಲ. ವರದಿಯಲ್ಲಿ ಡೌನ್ ಸಿಂಡ್ರೋಮ್‌ಗೆ 1:250 ಎಂದು ಬಂದಿದೆ ಎನ್ನಿ. ಅದೇ ಅಂಕಿ ಬಂದ 250 ತಾಯಂದಿರನ್ನು ಒಟ್ಟು ಮಾಡಿದರೆ 249 ಮಂದಿಯ ಮಗುವಿಗೆ ಆ ತೊಂದರೆ ಇರುವುದಿಲ್ಲ. ಕೆಂಪು ಅಕ್ಷರದಲ್ಲಿ ಅಚ್ಚಾದ ‘ಹೈ ರಿಸ್ಕ್’ ಎಂಬ ಎರಡು ಪದ ನೋಡಿ ರಾತ್ರಿಯಿಡೀ ಅತ್ತವರಿಗೆ ಈ ಸರಳ ಲೆಕ್ಕವನ್ನು ಹೇಳಿಕೊಡುವವರು ಸಿಗುವುದಿಲ್ಲ ಎಂಬುದೇ ಸಂಕಟ.

ಎನ್‌ಐಪಿಟಿ ಇವುಗಳಲ್ಲಿ ಹೆಚ್ಚು ನಿಖರ. ತಾಯಿಯ ರಕ್ತದಲ್ಲಿ ತೇಲುವ ಡಿಎನ್‌ಎ ತುಣುಕುಗಳನ್ನು ಅದು ನೋಡುತ್ತದೆ. ಆದರೆ ಆ ತುಣುಕುಗಳು ಬರುವುದು ಮಾಸಿನಿಂದ, ನೇರವಾಗಿ ಮಗುವಿನಿಂದಲ್ಲ. ಮಾಸಿನಲ್ಲಿರುವ ವ್ಯತ್ಯಾಸ ಮಗುವಿನಲ್ಲಿ ಇಲ್ಲದಿರಬಹುದು. ಆದ್ದರಿಂದ ಎನ್‌ಐಪಿಟಿ ಪಾಸಿಟಿವ್ ಬಂದ ಮಾತ್ರಕ್ಕೆ ಗರ್ಭ ತೆಗೆಸಬಾರದು. ಖಚಿತ ಉತ್ತರ ಕೊಡುವುದು ಎರಡು ಪರೀಕ್ಷೆಗಳು: 11ರಿಂದ 14 ವಾರದೊಳಗೆ ಮಾಸಿನ ಚೂರು ತೆಗೆದು ನೋಡುವ ಸಿವಿಎಸ್, ಅಥವಾ 15 ವಾರ ದಾಟಿದ ಮೇಲೆ ಮಗುವಿನ ಸುತ್ತಲಿನ ನೀರು ತೆಗೆದು ನೋಡುವ ಆಮ್ನಿಯೋಸೆಂಟೆಸಿಸ್.

ಸ್ಕ್ಯಾನಿಂಗ್‌ನಲ್ಲಿ ಕಾಣುವ ‘ಹೃದಯದೊಳಗೆ ಬಿಳಿ ಚುಕ್ಕೆ’, ‘ತಲೆಯಲ್ಲಿ ನೀರಿನ ಗುಳ್ಳೆ’ ಮುಂತಾದವೂ ಸುಳಿವುಗಳು ಮಾತ್ರ, ಖಚಿತ ಕಾಯಿಲೆಯಲ್ಲ. ಬೇರೆ ದೋಷವಿಲ್ಲದೆ ಒಂಟಿಯಾಗಿ ಕಂಡ ಬಿಳಿ ಚುಕ್ಕೆ ಹೃದಯದ ಕಾಯಿಲೆಯಲ್ಲ. ಕೋರಾಯ್ಡ್ ಪ್ಲೆಕ್ಸಸ್ ಸಿಸ್ಟ್ ಎಂಬ ಗುಳ್ಳೆಗಳು ಸಾಮಾನ್ಯವಾಗಿ ಕೆಲವು ತಿಂಗಳುಗಳಲ್ಲಿ ತಾವಾಗಿಯೇ ಮಾಯವಾಗುತ್ತವೆ. ಅನುಮಾನವಿದ್ದರೆ ಭ್ರೂಣವೈದ್ಯ ತಜ್ಞರಲ್ಲಿ ಮತ್ತೊಮ್ಮೆ ಸ್ಕ್ಯಾನ್, ಹೃದಯಕ್ಕೆ ಫೀಟಲ್ ಎಕೋ ಮಾಡಿಸಿ. ಎರಡನೇ ಅಭಿಪ್ರಾಯ ಕೇಳುವುದು ಮೊದಲ ವೈದ್ಯರಿಗೆ ಅವಮಾನವಲ್ಲ.

ತಪ್ಪು ಕಲ್ಪನೆ: ಹೊಟ್ಟೆಗೆ ಸೂಜಿ ಚುಚ್ಚಿದರೆ ಮಗು ಹೋಗುತ್ತದೆ, ಮೇಲಾಗಿ ಅದು ಕಾನೂನಿಗೆ ವಿರುದ್ಧ.

ವಾಸ್ತವ: ಅನುಭವಿಗಳು ಮಾಡಿದ ಆಮ್ನಿಯೋದಿಂದ ಗರ್ಭಪಾತವಾಗುವ ಸಾಧ್ಯತೆ ಸಾವಿರಕ್ಕೆ ಕೆಲವೇ. 1994ರ ಪಿಸಿಪಿಎನ್‌ಡಿಟಿ ಕಾಯ್ದೆ ನಿಷೇಧಿಸಿದ್ದು ಲಿಂಗಪತ್ತೆಯನ್ನು. ವರ್ಣತಂತುಗಳ ದೋಷ, ರಕ್ತದ ಆನುವಂಶಿಕ ಕಾಯಿಲೆ, ಜನ್ಮದೋಷಗಳ ಪತ್ತೆಗೆ ನೋಂದಾಯಿತ ಕೇಂದ್ರದಲ್ಲಿ, ಗರ್ಭಿಣಿಯ ಲಿಖಿತ ಒಪ್ಪಿಗೆಯೊಂದಿಗೆ ಈ ಪರೀಕ್ಷೆ ಮಾಡಲು ಅದೇ ಕಾಯ್ದೆ ಅವಕಾಶ ಕೊಡುತ್ತದೆ.

ತಪ್ಪು ಕಲ್ಪನೆ: ಬಸುರಿ ಏನೋ ತಪ್ಪು ಮಾಡಿರಬೇಕು.

ವಾಸ್ತವ: ಗ್ರಹಣದ ಹೊತ್ತಿನಲ್ಲಿ ತರಕಾರಿ ಹೆಚ್ಚಿದಳು, ಅದಕ್ಕೆ ಮಗುವಿನ ತುಟಿ ಸೀಳಿತು. ಸಾವಿನ ಮನೆಗೆ ಹೋದಳು, ಅದಕ್ಕೆ ಹೀಗಾಯಿತು. ಗಾಡಿ ಓಡಿಸಿದಳು, ಕೆಲಸ ಬಿಡಲಿಲ್ಲ. ಈ ಪಟ್ಟಿಯಲ್ಲಿರುವ ಪ್ರತಿಯೊಂದು ತಪ್ಪೂ ಹೆಣ್ಣಿನ ಲೆಕ್ಕಕ್ಕೇ ಬರೆದಿರುವುದನ್ನು ಗಮನಿಸಿ. ಮಗುವಿನ ತುಟಿ ಕೂಡಿಕೊಳ್ಳುವುದು ಗರ್ಭದ ಮೊದಲ ಎರಡು ತಿಂಗಳೊಳಗೆ. ಆರನೇ ತಿಂಗಳಲ್ಲಿ ಬಂದ ಗ್ರಹಣ ಹಿಂದಕ್ಕೆ ಹೋಗಿ ಅದನ್ನು ಸೀಳಲಾರದು; ಮೊದಲ ತಿಂಗಳಲ್ಲೇ ಬಂದರೂ ಅಡುಗೆಮನೆಯ ಈಳಿಗೆಗೂ ಮಗುವಿನ ತುಟಿಗೂ ಯಾವ ನಂಟೂ ಇಲ್ಲ.

ಡೌನ್ ಸಿಂಡ್ರೋಮ್‌ನ ಹೆಚ್ಚಿನ ಪ್ರಕರಣಗಳಲ್ಲಿ ವರ್ಣತಂತುಗಳು ಹಂಚಿಕೆಯಾಗುವಾಗ 21ನೆಯದು ಒಂದು ಹೆಚ್ಚಾಗಿ ಬಂದಿರುತ್ತದೆ. ಅದು ಆಕಸ್ಮಿಕ. ತಾಯಿಯ ವಯಸ್ಸು ಹೆಚ್ಚಿದಂತೆ ಅದರ ಸಾಧ್ಯತೆ ಏರುವುದು ನಿಜ. ಆದರೆ 35ರೊಳಗೆ ಹೆರುವವರೇ ಹೆಚ್ಚಿರುವುದರಿಂದ ಇಂಥ ಮಕ್ಕಳಲ್ಲಿ ಬಹುಪಾಲು ಹುಟ್ಟುವುದು ಚಿಕ್ಕ ವಯಸ್ಸಿನ ತಾಯಂದಿರಿಗೇ.

ಔಷಧ, ಮದ್ಯ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ರುಬೆಲ್ಲಾದಂಥ ಸೋಂಕು ಇವುಗಳಿಂದ ಕೆಲವು ದೋಷಗಳು ಬರುತ್ತವೆ. ಅದನ್ನು ವೈದ್ಯರು ವಿಚಾರಿಸುವುದು ಮುಂದಿನ ಸಲದ ಎಚ್ಚರಿಕೆಗೆ. ಅತ್ತೆಮನೆಯವರ ವಿಚಾರಣೆಗೆ ಅದು ಸಾಕ್ಷಿಯಲ್ಲ.

ತಪ್ಪು ಕಲ್ಪನೆ: ನಮ್ಮ ವಂಶದಲ್ಲಿ ಯಾರಿಗೂ ಇಲ್ಲ, ಹಾಗಾಗಿ ಇದು ರಕ್ತದಿಂದ ಬಂದದ್ದಲ್ಲ.

ವಾಸ್ತವ: ಥಲಸೀಮಿಯಾದಂಥ ಕಾಯಿಲೆಗಳಲ್ಲಿ ತಂದೆತಾಯಿ ಇಬ್ಬರೂ ಆರೋಗ್ಯವಾಗಿಯೇ ಇರುತ್ತಾರೆ, ಇಬ್ಬರಲ್ಲೂ ಒಂದೊಂದು ದೋಷವುಳ್ಳ ಜೀನ್ ಅಡಗಿರುತ್ತದೆ. ಸೋದರಮಾವನಿಗೆ, ಅತ್ತೆ ಮಗನಿಗೆ ಹೆಣ್ಣು ಕೊಡುವ ರೂಢಿಯಿರುವ ನಮ್ಮಲ್ಲಿ ಒಂದೇ ಅಜ್ಜಿಯಿಂದ ಬಂದ ಅಂಥ ಜೀನ್ ಗಂಡ ಹೆಂಡತಿ ಇಬ್ಬರಲ್ಲೂ ಇರುವ ಸಾಧ್ಯತೆ ಹೆಚ್ಚು. ಇಬ್ಬರಲ್ಲೂ ಇದ್ದರೆ ಪ್ರತಿ ಗರ್ಭದಲ್ಲೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ‘ಮೊದಲನೆಯದಕ್ಕೆ ಬಂತು, ಇನ್ನು ಮೂರು ಮಕ್ಕಳು ಸರಿಯಾಗಿರುತ್ತವೆ’ ಎಂದು ಎಣಿಸುವುದು ತಪ್ಪು. ಪ್ರತಿ ಸಲವೂ ಲೆಕ್ಕ ಹೊಸದಾಗಿ ಶುರುವಾಗುತ್ತದೆ.

ತಪ್ಪು ಕಲ್ಪನೆ: ದೋಷ ಕಂಡರೆ ಇರುವುದು ಒಂದೇ ದಾರಿ.

ವಾಸ್ತವ: ‘ಮಗುವಿಗೆ ತೊಂದರೆ ಇದೆ’ ಎಂಬ ಒಂದೇ ವಾಕ್ಯದೊಳಗೆ ಹತ್ತಾರು ಬೇರೆ ಬೇರೆ ಸ್ಥಿತಿಗಳಿವೆ. ತಲೆಬುರುಡೆ, ಮೆದುಳು ಬೆಳೆಯದ ಅನೆನ್ಸೆಫಲಿಯಲ್ಲಿ ಮಗು ಹೊಟ್ಟೆಯಲ್ಲೇ ಸಾಯುತ್ತದೆ, ಇಲ್ಲವೇ ಹುಟ್ಟಿ ಕೆಲವು ಗಂಟೆ, ಹೆಚ್ಚೆಂದರೆ ದಿನಗಳು ಬದುಕುತ್ತದೆ. ಟ್ರೈಸೋಮಿ 13, 18, ಅಂದರೆ 13ನೆಯ ಇಲ್ಲವೇ 18ನೆಯ ವರ್ಣತಂತು ಒಂದು ಹೆಚ್ಚಾಗಿ ಇರುವ ಹೆಚ್ಚಿನ ಮಕ್ಕಳು ಮೊದಲ ವರ್ಷ ದಾಟುವುದಿಲ್ಲ. ಇನ್ನೊಂದು ತುದಿಯಲ್ಲಿ ಸೀಳುತುಟಿ ಇದೆ, ಅದನ್ನು ಮೊದಲ ವರ್ಷದೊಳಗೇ ಶಸ್ತ್ರಚಿಕಿತ್ಸೆಯಿಂದ ಕೂಡಿಸುತ್ತಾರೆ. ಸೊಟ್ಟ ಪಾದವನ್ನು ಪೊನ್ಸೆಟಿ ವಿಧಾನದಲ್ಲಿ ವಾರವಾರವೂ ಪ್ಲಾಸ್ಟರ್ ಹಾಕಿ ನೇರ ಮಾಡುತ್ತಾರೆ. ಮೂತ್ರಪಿಂಡದ ಸಣ್ಣ ಊತ ಎಷ್ಟೋ ಮಕ್ಕಳಲ್ಲಿ ಹುಟ್ಟಿದ ಮೇಲೆ ತಾನೇ ಇಳಿಯುತ್ತದೆ. ಹೃದಯದ ಎಷ್ಟೋ ದೋಷಗಳನ್ನು ಸರಿಪಡಿಸಬಹುದು; ಮೊದಲೇ ಗೊತ್ತಾಗಿದ್ದರೆ ಮಕ್ಕಳ ಹೃದಯ ತಜ್ಞರಿರುವ ಆಸ್ಪತ್ರೆಯಲ್ಲೇ ಹೆರಿಗೆ ಆಗುವಂತೆ ನೋಡಿಕೊಳ್ಳಬಹುದು. ಮುಂಚಿತವಾಗಿ ತಿಳಿಯುವುದರ ದೊಡ್ಡ ಲಾಭ ಇದು.

ಕಷ್ಟವಿರುವುದು ನಡುವೆ. ಬೆನ್ನುಹುರಿ ತೆರೆದೇ ಉಳಿಯುವ ಸ್ಪೈನಾ ಬೈಫಿಡಾದಲ್ಲಿ, ಸೀಳು ಬೆನ್ನಿನಲ್ಲಿ ಎಷ್ಟು ಮೇಲಿದೆ ಎಂಬುದರ ಮೇಲೆ ಮಗು ನಡೆಯಬಲ್ಲದೇ, ಮೂತ್ರದ ಹತೋಟಿ ಇರುತ್ತದೆಯೇ ಎಂಬುದು ನಿಂತಿದೆ. ಡೌನ್ ಸಿಂಡ್ರೋಮ್ ಇರುವ ಸುಮಾರು ಅರ್ಧದಷ್ಟು ಮಕ್ಕಳಿಗೆ ಹೃದಯದ ತೊಂದರೆಯೂ ಇರುತ್ತದೆ, ಕಲಿಕೆ ನಿಧಾನ, ಬದುಕಿನುದ್ದಕ್ಕೂ ಆಸರೆ ಬೇಕು. ಅದೇ ಮಕ್ಕಳು ಶಾಲೆಗೆ ಹೋಗುತ್ತಾರೆ, ಕೆಲಸ ಮಾಡುತ್ತಾರೆ, ಒಳ್ಳೆಯ ಚಿಕಿತ್ಸೆ ಸಿಗುವ ದೇಶಗಳಲ್ಲಿ ಸರಾಸರಿ 60ರ ಹತ್ತಿರದವರೆಗೆ ಬದುಕುತ್ತಾರೆ. ಇಲ್ಲಿ ವೈದ್ಯಶಾಸ್ತ್ರ ಸಾಧ್ಯತೆಗಳನ್ನು ಹೇಳಬಹುದು, ತೀರ್ಮಾನ ಹೇಳಲಾರದು. ಮನೆಯ ಆದಾಯ, ಆರೈಕೆಗೆ ಇರುವ ಕೈಗಳು, ಈಗಾಗಲೇ ಇರುವ ಮಕ್ಕಳು, ತಾಯಿಯ ಆರೋಗ್ಯ ಎಲ್ಲವೂ ಲೆಕ್ಕಕ್ಕೆ ಬರುತ್ತವೆ, ಬರಲೂ ಬೇಕು.

ಗರ್ಭ ಮುಂದುವರಿಸುವವರು ಒಂಟಿಯಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ 18 ವರ್ಷದವರೆಗಿನ ಮಕ್ಕಳ ಜನ್ಮದೋಷಗಳಿಗೆ ತಪಾಸಣೆ, ಚಿಕಿತ್ಸೆ ಇದೆ. ಬೌದ್ಧಿಕ ಅಂಗವೈಕಲ್ಯವಿರುವವರಿಗೆ ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗೆ ಸಿಗುತ್ತದೆ. ಇದು ಸಾಲದು ಎಂಬುದು ಇಂಥ ಮಕ್ಕಳ ತಂದೆತಾಯಿಗೆ ಚೆನ್ನಾಗಿ ಗೊತ್ತು.

ಮಗು ಉಳಿಯುವುದಿಲ್ಲ ಎಂದು ತಿಳಿದೂ ಹೆರುತ್ತೇನೆ ಎನ್ನುವ ತಾಯಂದಿರಿದ್ದಾರೆ. ಕೃತಕ ಉಸಿರಾಟದ ಸಾಹಸಗಳಿಲ್ಲದೆ, ನೋವಾಗದಂತೆ, ಬೆಚ್ಚಗೆ ಮಡಿಲಲ್ಲಿಟ್ಟು ಆ ಮಗುವನ್ನು ಕಳಿಸಿಕೊಡುವ ಉಪಶಾಮಕ ಆರೈಕೆಯೂ ವೈದ್ಯಕೀಯವೇ. ಅದನ್ನು ಮೂರ್ಖತನ ಎನ್ನಬೇಡಿ. ಹಾಗೆಯೇ, ಆ ಒಂಬತ್ತು ತಿಂಗಳು ನನ್ನಿಂದಾಗದು ಎಂದು ನಿಲ್ಲಿಸಿದವಳನ್ನು ಪಾಪಿ ಎನ್ನಬೇಡಿ.

ತಪ್ಪು ಕಲ್ಪನೆ: ಐದು ತಿಂಗಳು ದಾಟಿದರೆ ಕಾನೂನು ಬಿಡುವುದಿಲ್ಲ, ಆದ್ದರಿಂದ ಇವತ್ತೇ ತೀರ್ಮಾನಿಸಿ.

ವಾಸ್ತವ: ಈ ನಂಬಿಕೆ ಹಳೆಯ ಕಾನೂನಿನ ನೆರಳು. 1971ರ ವೈದ್ಯಕೀಯ ಗರ್ಭಸಮಾಪ್ತಿ ಕಾಯ್ದೆಯಲ್ಲಿ ಮಿತಿ 20 ವಾರ ಇತ್ತು. ಅನಾಮಲಿ ಸ್ಕ್ಯಾನ್ ಆಗುವುದೇ 18ರಿಂದ 20 ವಾರಕ್ಕೆ. ವರದಿ ಬರುವಷ್ಟರಲ್ಲಿ ಬಾಗಿಲು ಮುಚ್ಚುತ್ತಿತ್ತು. 2008ರಲ್ಲಿ ಮುಂಬೈಯ ನಿಕೇತಾ ಮೆಹ್ತಾ, ಹೊಟ್ಟೆಯ ಮಗುವಿಗೆ ತೀವ್ರ ಹೃದಯದೋಷವಿದೆ ಎಂದು ಬಾಂಬೆ ಹೈಕೋರ್ಟಿಗೆ ಹೋದರು, ಅನುಮತಿ ಸಿಗಲಿಲ್ಲ. ಕಾನೂನು ಬದಲಾಗಬೇಕೆಂಬ ಚರ್ಚೆ ದೇಶದಲ್ಲಿ ಜೋರಾದದ್ದು ಆಗ.

2021ರ ತಿದ್ದುಪಡಿಯ ನಂತರ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರದವರೆಗೆ ಗಂಭೀರ ಭ್ರೂಣದೋಷವೂ ಸೇರಿ ಕೆಲವು ಸಂದರ್ಭಗಳಲ್ಲಿ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. 24 ವಾರ ದಾಟಿದ ಮೇಲೂ, ಭ್ರೂಣದಲ್ಲಿ ಗಣನೀಯ ದೋಷವಿದೆ ಎಂದು ಸರ್ಕಾರ ರಚಿಸಿದ ವೈದ್ಯಕೀಯ ಮಂಡಳಿ ಹೇಳಿದರೆ ಗರ್ಭ ನಿಲ್ಲಿಸಬಹುದು. ಮಂಡಳಿ ಮೂರು ದಿನದೊಳಗೆ ಅಭಿಪ್ರಾಯ ಕೊಡಬೇಕು. 2023ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ಮುಂದೆ 32 ವಾರದ ಪ್ರಕರಣವೊಂದು ಬಂತು. ದೋಷ ಒಪ್ಪಿದರೂ ತಡವಾಗಿದೆ ಎಂದು ಮಂಡಳಿ ನಿರಾಕರಿಸಿತ್ತು. ಆಯ್ಕೆಯ ಹಕ್ಕು ಆ ಮಹಿಳೆಯದು, ಮಂಡಳಿಯದಲ್ಲ ಎಂದು ನ್ಯಾಯಾಲಯ ಅನುಮತಿ ಕೊಟ್ಟಿತು.

ತಾಯಿಯ ಜೀವ ಉಳಿಸಲು ತಕ್ಷಣ ಬೇಕಾದರೆ ವಾರಗಳ ಮಿತಿಯೇ ಇಲ್ಲ. ಅಂಥ ಹೊತ್ತಿನಲ್ಲಿ ತಡ ಮಾಡಿದ್ದರಿಂದಲೇ ಬೆಳಗಾವಿಯ ಮಗಳು ಸವಿತಾ ಹಾಲಪ್ಪನವರ್ 2012ರಲ್ಲಿ ಐರ್ಲೆಂಡ್‌ನ ಗಾಲ್ವೇಯಲ್ಲಿ ತೀರಿಕೊಂಡರು. 17 ವಾರದ ಗರ್ಭ ಉಳಿಯುವುದಿಲ್ಲ ಎಂದು ಗೊತ್ತಿದ್ದೂ, ಭ್ರೂಣದ ಹೃದಯಬಡಿತ ಇದೆ ಎಂದು ವೈದ್ಯರು ಕಾಯ್ದರು, ಸೋಂಕು ಮೈಗೇರಿತು. ಆ ದೇಶ 2018ರಲ್ಲಿ ಜನಮತದ ಮೂಲಕ ತನ್ನ ಸಂವಿಧಾನದಲ್ಲಿದ್ದ ಗರ್ಭಪಾತ ನಿಷೇಧವನ್ನೇ ತೆಗೆಯಿತು.

ನಮ್ಮ ಕಾನೂನು ಇಷ್ಟು ಅವಕಾಶ ಕೊಡುವುದರಿಂದ ಖಚಿತ ವರದಿಗೆ, ತಜ್ಞರ ಭೇಟಿಗೆ, ಗಂಡ ಹೆಂಡತಿ ಕೂತು ಮಾತಾಡಲು ಕೆಲವು ದಿನಗಳಿವೆ. ಹಾಗೆಂದು ವಾರಗಟ್ಟಲೆ ಮುಂದೂಡಬೇಡಿ. ತಡವಾದಷ್ಟೂ ವಿಧಾನ ಕಠಿಣವಾಗುತ್ತದೆ.

ತಪ್ಪು ಕಲ್ಪನೆ: ಗಂಡನ ಸಹಿ ಇಲ್ಲದೆ ಆಗುವುದಿಲ್ಲ.

ವಾಸ್ತವ: 18 ತುಂಬಿದ ಮಹಿಳೆಯ ಒಪ್ಪಿಗೆಯೊಂದೇ ಸಾಕು. ಗಂಡನದ್ದಾಗಲಿ ಅತ್ತೆ ಮಾವನದ್ದಾಗಲಿ ಕಾನೂನು ಕೇಳುವುದಿಲ್ಲ. ಆಕೆ ಬೇಡವೆಂದರೆ ಮನೆಯವರೆಲ್ಲ ಸೇರಿದರೂ ಗರ್ಭ ತೆಗೆಸುವಂತಿಲ್ಲ. ಆಕೆಯ ಹೆಸರು ಬಯಲು ಮಾಡಿದವರಿಗೆ ಒಂದು ವರ್ಷದವರೆಗೆ ಜೈಲು ಆಗಬಹುದು.

ತಪ್ಪು ಕಲ್ಪನೆ: ಒಂದು ಕ್ಲೀನಿಂಗ್ ಮಾಡಿಸಿದರೆ ಮುಗಿಯಿತು.

ವಾಸ್ತವ: ಮೊದಲ ತಿಂಗಳುಗಳಲ್ಲಿ ಅದು ಸಣ್ಣ ಪ್ರಕ್ರಿಯೆ ನಿಜ. ಐದು ತಿಂಗಳಲ್ಲಿ ಸಾಮಾನ್ಯವಾಗಿ ಔಷಧ ಕೊಟ್ಟು ನೋವು ಬರಿಸುತ್ತಾರೆ. ಆಕೆ ಹೆರಿಗೆಯನ್ನೇ ಅನುಭವಿಸುತ್ತಾಳೆ. ಇದನ್ನು ಮೊದಲೇ ಹೇಳದೆ ವಾರ್ಡಿಗೆ ಕಳಿಸುವುದು ಕ್ರೌರ್ಯ. ನೋವು ನಿವಾರಕ ಕೇಳಿ, ಜೊತೆಗೆ ಒಬ್ಬರು ಇರಲಿ, ಮಗುವನ್ನು ನೋಡಬೇಕೇ ಬೇಡವೇ ಎಂದು ಆಕೆಯನ್ನೇ ಕೇಳಿ. ಮೆಡಿಕಲ್ ಶಾಪಿನ ಮಾತ್ರೆ ತಂದು ಮನೆಯಲ್ಲೇ ನುಂಗುವುದಂತೂ ಬೇಡವೇ ಬೇಡ. ಆ ಮಾತ್ರೆ ವಿಧಾನಕ್ಕೆ ನಿಯಮದಲ್ಲಿರುವ ಮಿತಿ 9 ವಾರ. ಐದನೇ ತಿಂಗಳಲ್ಲಿ ಅದು ಜೀವಕ್ಕೇ ಅಪಾಯ.

ಕೆಲವು ದಿನಗಳಲ್ಲಿ ಎದೆಹಾಲು ತುಂಬಿಕೊಳ್ಳುತ್ತದೆ. ಕುಡಿಯುವ ಮಗು ಇಲ್ಲ. ಆ ನೋವಿಗೆ ಸಿದ್ಧವಾಗಿರುವಂತೆ ಯಾರೂ ಹೇಳಿರುವುದಿಲ್ಲ. ಹಾಲು ನಿಲ್ಲಿಸಲು ಔಷಧವಿದೆ, ವೈದ್ಯರನ್ನು ಕೇಳಬಹುದು. ಕೆಲಸಕ್ಕೆ ಹೋಗುವವರಿಗೆ ಹೆರಿಗೆ ಸೌಲಭ್ಯದ ಕಾನೂನಿನಲ್ಲಿ ಗರ್ಭಪಾತ ಅಥವಾ ವೈದ್ಯಕೀಯ ಗರ್ಭಸಮಾಪ್ತಿಯ ನಂತರ ಆರು ವಾರ ಸಂಬಳ ಸಹಿತ ರಜೆ ಇದೆ. ನಿದ್ದೆ ಬಾರದೆ, ಬದುಕೇ ಬೇಡವೆನ್ನಿಸಿದರೆ ಟೆಲಿ ಮಾನಸ್‌ನ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಗಂಡನೂ ಮಗುವನ್ನು ಕಳೆದುಕೊಂಡಿದ್ದಾನೆ. ಅವನನ್ನು ಬಿಲ್ ಕಟ್ಟುವವನಾಗಿ ಮಾತ್ರ ನೋಡಬೇಡಿ.

ತಪ್ಪು ಕಲ್ಪನೆ: ಮರೆತುಬಿಡಿ, ಮುಂದಿನದು ಸರಿಯಾಗುತ್ತದೆ.

ವಾಸ್ತವ: ಆಗಬಹುದು. ಆದರೆ ಕಾರಣ ತಿಳಿಯದೆ ಕೊಡುವ ಭರವಸೆ ಬರಿ ಮಾತು. ಭ್ರೂಣದ ಶವಪರೀಕ್ಷೆ, ವರ್ಣತಂತು ಪರೀಕ್ಷೆಗೆ ಒಪ್ಪುವುದು ಮನಸ್ಸಿಗೆ ಬಹಳ ಭಾರ, ಆದರೂ ಮುಂದಿನ ಮಗುವಿನ ಬಗ್ಗೆ ನಿಜವಾದ ಉತ್ತರ ಬಹುತೇಕ ಅಲ್ಲಿಂದಲೇ ಸಿಗುತ್ತದೆ. ಆ ವರದಿಗಳನ್ನು ತಾಯಿ ಕಾರ್ಡಿನೊಂದಿಗೆ ಜೋಪಾನ ಮಾಡಿ, ಮತ್ತೆ ಗರ್ಭ ಧರಿಸುವ ಮೊದಲೇ ಜೆನೆಟಿಕ್ ಕೌನ್ಸೆಲಿಂಗ್‌ಗೆ ಹೋಗಿ. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ, ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಇಂಥ ಸಲಹೆ ನೀಡುವ ಸಂಸ್ಥೆಗಳಲ್ಲಿ ಒಂದು.

ಬೆನ್ನುಹುರಿ, ಮೆದುಳಿನ ದೋಷದಿಂದ ಮಗುವನ್ನು ಕಳೆದುಕೊಂಡವರಿಗೆ ಒಂದು ಮಾತು ವಿಶೇಷವಾಗಿ ಗೊತ್ತಿರಬೇಕು. ದಿನಕ್ಕೆ 4 ಮಿಲಿಗ್ರಾಂ ಫೋಲಿಕ್ ಆಸಿಡ್ ತೆಗೆದುಕೊಂಡರೆ ಅದೇ ದೋಷ ಮರುಕಳಿಸುವುದು ಸುಮಾರು ಶೇಕಡಾ 70ರಷ್ಟು ತಗ್ಗುತ್ತದೆ ಎಂದು 1991ರಲ್ಲೇ ಬ್ರಿಟನ್ನಿನ ಅಧ್ಯಯನ ತೋರಿಸಿತು. ಆದರೆ ಮೆದುಳು, ಬೆನ್ನುಹುರಿಯಾಗಿ ಬೆಳೆಯುವ ನರನಾಳ ಮುಚ್ಚಿಕೊಳ್ಳುವುದು ಗರ್ಭ ನಿಂತ 28 ದಿನಗಳ ಸುಮಾರಿಗೆ, ಎಷ್ಟೋ ಹೆಂಗಸರಿಗೆ ಬಸುರಾದದ್ದು ಗೊತ್ತಾಗುವ ಮೊದಲೇ. ಹಾಗಾಗಿ ವೈದ್ಯರನ್ನು ಕೇಳಿ, ಮುಂದಿನ ಗರ್ಭಕ್ಕೆ ಎರಡು ಮೂರು ತಿಂಗಳು ಮೊದಲೇ ಆ ಮಾತ್ರೆ ಶುರುಮಾಡಿ. ಮುಟ್ಟು ನಿಂತ ಮೇಲೆ ಶುರುಮಾಡಿದರೆ ತಡವಾಗಿರುತ್ತದೆ.