ಭಾಷೆ ಎರಡಾದರೆ ಮಿದುಳಿಗೆ ಭಾರವೇ?



ಮನೆಯಲ್ಲಿ ಕನ್ನಡ, ತರಕಾರಿ ಅಂಗಡಿಯಲ್ಲಿ ತೆಲುಗು, ಆಟೋದಲ್ಲಿ ದಖನಿ. ಹೈದರಾಬಾದಿನ ಕನ್ನಡಿಗರಿಗೆ ಇದು ದಿನದ ಮಾತು. ಹೀಗೆ ಭಾಷೆ ಬದಲಿಸುವಾಗ ತಲೆಯೊಳಗೆ ಕೆಲಸ ಮಾಡುವುದು ಯಾವುದು ಗೊತ್ತೇ?

ಮಿದುಳಿನ ಹೊರಪದರ ಬೂದು ಬಣ್ಣದ್ದು; ನರಕೋಶಗಳ ಗುಂಪು ಅಲ್ಲಿದೆ. ಅದರ ಕೆಳಗಿನ ಬಿಳಿ ಭಾಗವೆಂದರೆ ಆ ಕೋಶಗಳನ್ನು ಒಂದಕ್ಕೊಂದು ಜೋಡಿಸುವ ತಂತುಗಳ ಕಟ್ಟು. ವೈರಿಗೆ ಪ್ಲಾಸ್ಟಿಕ್ ಇದ್ದ ಹಾಗೆ ಈ ತಂತುಗಳಿಗೆ ಮಯೆಲಿನ್ ಎಂಬ ಕೊಬ್ಬಿನ ಹೊದಿಕೆ. ಬಿಳಿ ಬಣ್ಣ ಬಂದದ್ದೂ ಅದರಿಂದಲೇ. ಹೊದಿಕೆಯಿಲ್ಲದ ನರತಂತುವಿನಲ್ಲಿ ಸಂದೇಶ ಸೆಕೆಂಡಿಗೆ ಸುಮಾರು 1 ಮೀಟರ್ ಸಾಗುತ್ತದೆ. ದಪ್ಪ ಹೊದಿಕೆಯಿದ್ದರೆ 100 ಮೀಟರಿನಷ್ಟೂ ಓಡಬಲ್ಲದು. ಎಡ, ಬಲ ಅರ್ಧಗಳನ್ನು ಬೆಸೆಯುವ ಕಾರ್ಪಸ್ ಕೆಲೋಸಮ್ ಒಂದರಲ್ಲೇ ಸುಮಾರು 20 ಕೋಟಿ ತಂತುಗಳಿವೆ. ಈ ದಾರಿ ಕಡಿದರೆ, ಕೋಶಗಳು ಚೆನ್ನಾಗಿದ್ದರೂ ಮಾತು, ನೆನಪು ತಡವರಿಸಬಹುದು.

ಈಗ ನಮ್ಮೂರಿನ ಸುದ್ದಿ. ಪಂಜಗುಟ್ಟದ ನಿಮ್ಸ್ ಆಸ್ಪತ್ರೆಯಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಮರೆವಿನ ಕಾಯಿಲೆಯ 648 ರೋಗಿಗಳನ್ನು ಗಮನಿಸಿದರು. 2013ರಲ್ಲಿ ಬಂದ ಫಲಿತಾಂಶ ಹೀಗಿತ್ತು: ಒಂದೇ ಭಾಷೆಯವರಿಗಿಂತ, ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿತ್ತು. ಶಾಲೆಯ ಮೆಟ್ಟಿಲು ಹತ್ತದವರಲ್ಲೂ ಈ ವ್ಯತ್ಯಾಸವಿತ್ತು. ಆದರೆ ಮೂರು, ನಾಲ್ಕು ಭಾಷೆ ಬಂದರೆ ಇನ್ನಷ್ಟು ಲಾಭ ಕಾಣಲಿಲ್ಲ.

ಕಾರಣವೇನು? ಹೈದರಾಬಾದಿನ ಅಧ್ಯಯನ ಬಿಳಿ ಭಾಗವನ್ನು ಅಳೆದಿರಲಿಲ್ಲ. ಆದರೆ 2011ರಲ್ಲಿ ಕೆನಡಾದ ಸಂಶೋಧಕರು ಹಿರಿಯರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದ್ದರು. ಬದುಕಿಡೀ ಎರಡು ಭಾಷೆ ಆಡಿದವರ ಬಿಳಿ ತಂತುಗಳು, ಅದರಲ್ಲೂ ಕಾರ್ಪಸ್ ಕೆಲೋಸಮ್, ಹೆಚ್ಚು ಸುಸ್ಥಿತಿಯಲ್ಲಿದ್ದವು. ಒಂದು ಭಾಷೆಯನ್ನು ತಡೆದು ಇನ್ನೊಂದನ್ನು ಆಡುವ ನಿತ್ಯದ ಅಭ್ಯಾಸ ಈ ದಾರಿಗಳನ್ನು ಗಟ್ಟಿಯಾಗಿಡುತ್ತದೆ ಎಂಬುದು ಊಹೆ. ಎಲ್ಲ ಅಧ್ಯಯನಗಳೂ ಇದನ್ನು ಒಪ್ಪಿಲ್ಲ. ಭಾಷೆ ಕಾಯಿಲೆಗೆ ಮದ್ದೂ ಅಲ್ಲ. ರಕ್ತದೊತ್ತಡ, ಸಕ್ಕರೆ ಹತೋಟಿಯಲ್ಲಿಡುವುದು ಬಿಳಿ ಭಾಗಕ್ಕೆ ಅಷ್ಟೇ ಮುಖ್ಯ.

ಮಯೆಲಿನ್ ಹೊದಿಕೆ ಹುಟ್ಟಿದಂದಿನಿಂದ ಇಪ್ಪತ್ತು ದಾಟಿದ ಮೇಲೂ ಬೆಳೆಯುತ್ತಿರುತ್ತದೆ. ಶಾಲೆಯ ಇಂಗ್ಲಿಷ್, ಬೀದಿಯ ತೆಲುಗು ಸಾಲದೆಂದು ಕನ್ನಡವೂ ಸೇರಿದರೆ ಮಗುವಿಗೆ ಗೊಂದಲವಾದೀತೆಂದು ಎಷ್ಟೋ ಮನೆಗಳಲ್ಲಿ ಕನ್ನಡ ನಿಂತುಹೋಗಿದೆ. ಮಗುವಿನ ಮಿದುಳಿಗೆ ಅದು ಹೊರೆಯಲ್ಲ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಮಕ್ಕಳ ಜೊತೆ ಕನ್ನಡದಲ್ಲೇ ನಾಲ್ಕು ಮಾತಾಡಿ. ಅಜ್ಜ ಅಜ್ಜಿ ಮನೆಯಲ್ಲಿದ್ದರೆ ಅವರನ್ನೂ ಮಾತಿಗೆಳೆಯಿರಿ.