ಅರಮನೆಯ ಬಣ್ಣದ ಗಾಜು

ನೂಲಿಗೇ ಬಣ್ಣ ಕಟ್ಟಿ ನೇಯ್ದ ಸೀರೆಗೂ ನೇಯ್ದ ಮೇಲೆ ಅಚ್ಚೊತ್ತಿದ ಸೀರೆಗೂ ಇರುವ ಅಂತರವನ್ನು ಕೊಳ್ಳೇಗಾಲದ ರೇಷ್ಮೆ ವರ್ತಕರಿಗೆ ವಿವರಿಸಬೇಕಾಗಿಲ್ಲ. ಸಿರಿವಂತರ ಮನೆಗಳನ್ನು ಅಲಂಕರಿಸಿದ ಬಣ್ಣದ ಗಾಜಿನ ಬೆಲೆ ನಿಂತಿರುವುದೂ ಇಂತಹುದೇ ಅಂತರದ ಮೇಲೆ. ಗಾಜು ಕರಗಿರುವಾಗಲೇ ಅದಕ್ಕೆ ಲೋಹಾಂಶಗಳನ್ನು ಬೆರೆಸಲಾಗುತ್ತದೆ; ಕೋಬಾಲ್ಟ್ ನೀಲಿಯನ್ನೂ, ಅತ್ಯಲ್ಪ ಪ್ರಮಾಣದ ಚಿನ್ನ ಮಾಣಿಕ್ಯದ ಕೆಂಪನ್ನೂ ಕೊಡುತ್ತವೆ. ಹೀಗೆ ಬಣ್ಣಗೊಂಡ ತುಂಡುಗಳನ್ನು ಸೀಸದ ಪಟ್ಟಿಗಳ ತೋಡಿನಲ್ಲಿ ಕೂರಿಸಿ ಬೆಸುಗೆ ಹಾಕಿದರೆ ಚಿತ್ರ ಸಿದ್ಧ.

ಯುರೋಪಿನಲ್ಲಿ ಬಹುಕಾಲ ಚರ್ಚುಗಳನ್ನೇ ನೆಚ್ಚಿಕೊಂಡಿದ್ದ ಈ ಕಸುಬು 19ನೆಯ ಶತಮಾನದ ಉತ್ತರಾರ್ಧದಲ್ಲಿ ಗಿರಣಿ ಮಾಲೀಕರ, ವರ್ತಕರ ಮನೆಗಳನ್ನು ಹೊಕ್ಕಿತು. ಅಭಿರುಚಿ ಮಾತ್ರ ಚಂಚಲ. ಅಮೆರಿಕದ ಶ್ವೇತಭವನದಲ್ಲಿ 1882ರಲ್ಲಿ ಟಿಫಾನಿ ನಿರ್ಮಿಸಿದ ಗಾಜಿನ ತೆರೆಯನ್ನು 1902ರಲ್ಲಿ ತೆಗೆದುಹಾಕಲಾಯಿತು.

ಬಿಳಿಗಿರಿರಂಗನ ಬೆಟ್ಟದ ಸೀಮೆಗೆ ಸಮೀಪದ ಶ್ರೇಷ್ಠ ಉದಾಹರಣೆ ಮೈಸೂರಿನ ಅಂಬಾವಿಲಾಸ ಅರಮನೆ. ಮರದ ಹಳೆಯ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆ ಹೆನ್ರಿ ಇರ್ವಿನ್ ರೂಪಿಸಿದ ಹೊಸ ಅರಮನೆ 1912ರಲ್ಲಿ ಪೂರ್ಣಗೊಂಡಿತು. ತಗುಲಿದ ವೆಚ್ಚ 41 ಲಕ್ಷ ರೂಪಾಯಿಗೂ ಮಿಗಿಲು. ಅಷ್ಟಕೋನದ ಕಲ್ಯಾಣಮಂಟಪದ ಎರಕದ ಕಬ್ಬಿಣದ ಕಂಬಗಳೂ ಗಾಜಿನ ಮೇಲ್ಛಾವಣಿಯೂ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಿಂದ ಬಂದವು. ಛಾವಣಿಯಲ್ಲಿ ಗರಿಗೆದರಿರುವುದು ನಮ್ಮ ನವಿಲು. ಸಚಿತ್ರ ದರಪಟ್ಟಿಗಳ ಮೂಲಕ ದೇಶದೇಶಗಳಿಗೆ ಎರಕದ ಬಿಡಿಭಾಗಗಳನ್ನು ಮಾರುತ್ತಿದ್ದ ಆ ನಗರದ ಸಾರಸೆನ್ ಎರಕಶಾಲೆಯಂತಹ ಸಂಸ್ಥೆಗಳ ವ್ಯಾಪಾರವಿಧಾನ ಇಂದಿನ ಉದ್ಯಮಿಗಳ ಗಮನಕ್ಕೂ ಅರ್ಹವಾದುದು. ಗಿರಾಕಿಯ ನಾಡಿನ ಚಿತ್ರವನ್ನು ಗಿರಾಕಿಗೇ ಮಾರುವುದು ಸಣ್ಣ ಜಾಣ್ಮೆಯಲ್ಲ!

ಸಾರಸೆನ್ ಎರಕಶಾಲೆ 1967ರಲ್ಲಿ ಮುಚ್ಚಿತು. ಗಾಜು ಶತಮಾನಗಳ ಕಾಲ ಬಾಳಿದರೂ ಸೀಸದ ಪಟ್ಟಿ ನೂರು ವರ್ಷದ ಆಸುಪಾಸಿನಲ್ಲಿ ದಣಿದು ಬಾಗತೊಡಗುತ್ತದೆ. ಒಳಗಿನ ಮೆತ್ತೆ ಒಣಗಿ ಉದುರುತ್ತದೆ. ಆಗ ಇಡೀ ಚೌಕಟ್ಟನ್ನು ಬಿಚ್ಚಿ ಹೊಸ ಸೀಸ ಕಟ್ಟಬೇಕು. ಈ ಕೆಲಸ ಬಲ್ಲ ಕೈಗಳು ವಿರಳ. ಸಣ್ಣ ಕಾರ್ಯಾಗಾರವೊಂದಕ್ಕೆ ಇಲ್ಲಿ ಅವಕಾಶವಿದೆ. ಸೀಸದ ಧೂಳು ವಿಷಕಾರಿಯಾದುದರಿಂದ ಗಾಳಿಯ ಏರ್ಪಾಡು, ಕೈಗವಸುಗಳು ಕಡ್ಡಾಯ.

ಮೈಸೂರು, ಬೆಂಗಳೂರುಗಳ ಹಳೆಯ ಬಂಗಲೆಗಳಲ್ಲಿ ಬಾಗಿಲ ಮೇಲೆ ಕಾಣುವ ಕೆಂಪು, ಹಸಿರು, ನೀಲಿ ಗಾಜುಗಳು ಇದೇ ಅಭಿರುಚಿಯ ಅಗ್ಗದ ರೂಪ. ಅವುಗಳಲ್ಲಿ ಹೆಚ್ಚಿನವಕ್ಕೆ ಸೀಸವಿಲ್ಲ. ಮರದ ಚೌಕಟ್ಟೇ ಆಧಾರ. ಮನೆ ಕೆಡವಿದಾಗ ಇವು ಗುಜರಿಗೆ ತೂಕದ ಲೆಕ್ಕದಲ್ಲಿ ಸಲ್ಲುವುದು ನಷ್ಟವೇ ಸರಿ. ಇತ್ತೀಚೆಗೆ ಸಾದಾ ಗಾಜಿಗೆ ಬಣ್ಣದ ಪೊರೆ ಅಂಟಿಸಿ ಅದೇ ಹೆಸರಿನಲ್ಲಿ ಮಾರುವುದುಂಟು. ಅಂಚನ್ನು ಉಗುರಿನಿಂದ ಕೆರೆದರೆ ಗುಟ್ಟು ರಟ್ಟಾಗುತ್ತದೆ. ಹಳೆಯ ಗಾಜನ್ನು ಕೊಳ್ಳುವವರು ಚೌಕಟ್ಟಿನ ಸಮೇತ ಬಿಡಿಸಿಕೊಂಡು, ಮಲಗಿಸದೆ, ನಿಲ್ಲಿಸಿಯೇ ಸಾಗಿಸತಕ್ಕದ್ದು.